ಅಂದಿನ ಆಟ, ಇಂದಿನ ಆಟ


ಮೇಜಿನ ಮೇಲೆ ಕೋಲಿನಿಂದ ಹೊಡೆದು ಚೆಂಡುಗಳನ್ನು ಕುಳಿಗೆ ಬೀಳಿಸುವ ಪೂಲ್ ಆಟದಲ್ಲಿ ‘ಸ್ಟ್ರೇಟ್ ಪೂಲ್’ ಎಂಬ ಬಗೆಯೊಂದಿದೆ. ಒಂದು ಚೆಂಡು ಬಿದ್ದರೆ ಒಂದು ಅಂಕ. ಗುರಿ ತಪ್ಪುವವರೆಗೂ ಆಡುತ್ತಲೇ ಇರಬಹುದು. ಹದಿನಾಲ್ಕು ಚೆಂಡು ಬಿದ್ದ ಮೇಲೆ ಅವನ್ನು ಮತ್ತೆ ತ್ರಿಕೋನವಾಗಿ ಜೋಡಿಸುತ್ತಾರೆ. ಉಳಿದೊಂದನ್ನು ಬೀಳಿಸುತ್ತಲೇ ಆ ಗುಂಪನ್ನೂ ಚದುರಿಸಲು ಆಟಗಾರರು ನೋಡುತ್ತಾರೆ.

1954ರಲ್ಲಿ ಅಮೆರಿಕದ ವಿಲ್ಲಿ ಮಾಸ್ಕೋನಿ ಸತತ 526 ಚೆಂಡು ಬೀಳಿಸಿದರು. 2019ರಲ್ಲಿ ಜಾನ್ ಶ್ಮಿಟ್, 626. ಹಾಗಾದರೆ ಶ್ಮಿಟ್ ದೊಡ್ಡವರೇ?

ಮಾಸ್ಕೋನಿ ಆಡಿದ್ದು ಎಂಟಡಿ ಮೇಜಿನಲ್ಲಿ; ಅದೊಂದು ಪ್ರದರ್ಶನ ಪಂದ್ಯ. ಶ್ಮಿಟ್ ಅವರದು ಒಂಬತ್ತಡಿ ಮೇಜು; ಆದರೆ ದಾಖಲೆಗೆಂದೇ ದಿನಗಟ್ಟಲೆ ಮತ್ತೆ ಮತ್ತೆ ಯತ್ನಿಸಿದರು. ಒಬ್ಬರಿಗೆ ಮೇಜು ಚಿಕ್ಕದು, ಇನ್ನೊಬ್ಬರಿಗೆ ಅವಕಾಶ ಹೆಚ್ಚು.

‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ನಾವೂ ಮಕ್ಕಳನ್ನು ಅಳೆಯುತ್ತೇವೆ. ಅದಕ್ಕೆ ಮುನ್ನ, ಅವರಿಗೆ ಸಿಕ್ಕಿದ್ದೇನು, ಸಿಗದೇ ಹೋದದ್ದೇನು ಎಂದು ಕೇಳಿಕೊಂಡರೆ ನಮ್ಮ ಮಾತು ತಾನಾಗಿ ಮೆತ್ತಗಾಗುತ್ತದೆ.