ಮನೆಯಲ್ಲಿ ಆಮ್ಲಜನಕ: ಅಳತೆ ತಿಳಿದು ಕೊಡಿ



ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಇಂಥ ಊರಿನಲ್ಲಿ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ಅಜ್ಜಿಯೊಬ್ಬರನ್ನು ನೆನೆಸಿಕೊಳ್ಳಿ. ಬೀಡಿ ಮುಟ್ಟಿದವರಲ್ಲ. ಆದರೂ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ದಮ್ಮು ಹತ್ತುತ್ತದೆ. ಒಲೆಯ ಹೊಗೆ, ಬೀಡಿಯ ಹೊಗೆ, ಗಣಿಯ ಧೂಳು, ಇವು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸನಾಳಗಳು ಕಿರಿದಾಗುತ್ತವೆ. ವೈದ್ಯರು ಇದನ್ನು ಸಿ.ಒ.ಪಿ.ಡಿ. ಎನ್ನುತ್ತಾರೆ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ.

ದಮ್ಮು ಬರುವವರಿಗೆಲ್ಲ ಆಮ್ಲಜನಕ ಬೇಕಿಲ್ಲ. ಔಷಧ ನಡೆಯುತ್ತಿದ್ದು, ಆರೋಗ್ಯ ಒಂದು ಮಟ್ಟದಲ್ಲಿ ನಿಂತಿರುವಾಗಲೂ ರಕ್ತದ ಆಮ್ಲಜನಕ ಶೇಕಡಾ 88 ಅಥವಾ ಅದಕ್ಕಿಂತ ಕೆಳಗಿದ್ದರೆ ವೈದ್ಯರು ಪರೀಕ್ಷಿಸಿ ಬರೆದುಕೊಡುತ್ತಾರೆ. ಅಂಥವರು ದಿನಕ್ಕೆ 15 ಗಂಟೆಗಿಂತ ಕಡಿಮೆಯಿಲ್ಲದಂತೆ ತೆಗೆದುಕೊಂಡರೆ ಆಯುಸ್ಸು ಹೆಚ್ಚುತ್ತದೆಂದು 1980ರಲ್ಲಿ ಅಮೆರಿಕದಿಂದಲೂ 1981ರಲ್ಲಿ ಬ್ರಿಟನ್ನಿನಿಂದಲೂ ಬಂದ ಅಧ್ಯಯನಗಳು ತೋರಿಸಿದವು. ದಮ್ಮು ಬಂದಾಗ ಹತ್ತು ನಿಮಿಷ ಮೂಗಿಗಿಟ್ಟು ತೆಗೆದರೆ ಈ ಲಾಭ ಸಿಗದು.

2021ರಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ದ್ರವ ಆಮ್ಲಜನಕದ ಟ್ಯಾಂಕರುಗಳು ಆಸ್ಪತ್ರೆಗಳಿಗೆ ಹೊರಟದ್ದು ನಿಮಗೆ ನೆನಪಿರಬಹುದು. ಆಗ ಎಲ್ಲರ ಬಾಯಲ್ಲೂ 95ರ ಮಾತೇ. ಅಜ್ಜಿಯ ಬೆರಳಿಗಿಟ್ಟ ಆಕ್ಸಿಮೀಟರ್ 90 ತೋರಿಸಿದರೆ ಮೊಮ್ಮಗನ ಕೈ ತಾನಾಗಿ ಯಂತ್ರದ ಗುಂಡಿಗೆ ಹೋಗುತ್ತದೆ. ಹೋಗಬಾರದು! ಈ ಕಾಯಿಲೆಯವರಲ್ಲಿ ಅನೇಕರಿಗೆ 88ರಿಂದ 92 ಇದ್ದರೆ ಸಾಕು. ಆಮ್ಲಜನಕ ಅತಿಯಾದರೆ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಿಗ್ಗೆ ತಲೆನೋವು, ಹಗಲೆಲ್ಲ ಮಂಪರು, ತಡವರಿಸುವ ಮಾತು ಅದರ ಸೂಚನೆಗಳು. ಅಜ್ಜಿ ಹಾಯಾಗಿ ಮಲಗಿದ್ದಾರೆಂದು ನಾವು ಸಮಾಧಾನಪಡುತ್ತೇವೆ. ಅದು ನಿದ್ದೆಯಾಗಿರದೆ ಅಪಾಯವಾಗಿರಬಹುದು. ಆಗ ಯಂತ್ರವನ್ನು ಪೂರಾ ಆರಿಸಬೇಡಿ. ವೈದ್ಯರು ಹೇಳಿದ ಅಳತೆಯಲ್ಲೇ ಗುಂಡಿ ಇದೆಯೇ ನೋಡಿ, ಕೂಡಲೇ 108ಕ್ಕೆ ಕರೆ ಮಾಡಿ.

ಯಂತ್ರದ ಕೆಲಸ ಸರಳ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21, ಉಳಿದದ್ದರಲ್ಲಿ ಹೆಚ್ಚಿನದು ಸಾರಜನಕ. ಕಾನ್ಸಂಟ್ರೇಟರಿನೊಳಗಿನ ಜಿಯೋಲೈಟ್ ಹರಳುಗಳು ಸಾರಜನಕವನ್ನು ಹಿಡಿದಿಟ್ಟು, ಶೇಕಡಾ 90ಕ್ಕೂ ಹೆಚ್ಚು ಶುದ್ಧ ಆಮ್ಲಜನಕವನ್ನು ಹೊರಬಿಡುತ್ತವೆ. ಆದರೆ ಕರೆಂಟ್ ಹೋದರೆ ಯಂತ್ರವೂ ನಿಂತಿತು. ಹಾಗಾಗಿ ಒಂದು ಸಿಲಿಂಡರ್ ಜೊತೆಗಿರಲಿ. ಒಂದು ಲೆಕ್ಕ ಮಾಡಿ: 1500 ಲೀಟರಿನ ತುಂಬಿದ ಸಿಲಿಂಡರ್, ನಿಮಿಷಕ್ಕೆ 2 ಲೀಟರ್. 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ. ನಮ್ಮ ಕಡೆಯ ಧೂಳಿಗೆ ಯಂತ್ರದ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ತೊಳೆದು, ಒಣಗಿಸಿ ಹಾಕಿ.

ಬೆಂಕಿಯ ವಿಷಯ. ಆಮ್ಲಜನಕ ತಾನು ಉರಿಯದು, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಸೀರೆ, ಹಾಸಿಗೆಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಲೆ, ದೇವರ ದೀಪ, ಊದುಬತ್ತಿ ಮೂರು ಮೀಟರಾದರೂ ದೂರವಿರಲಿ. ಬೀಡಿಯಂತೂ ಮನೆಯೊಳಗೇ ಬೇಡ, ನೋಡಲು ಬಂದ ನೆಂಟರು ಹಿರಿಯರೇ ಆಗಿರಲಿ. ಮೂಗು ಒಣಗಿತೆಂದು ವ್ಯಾಸಲೀನ್, ಎಣ್ಣೆ ಹಚ್ಚಬೇಡಿ.

ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ, ವೈದ್ಯರ ದೂರವಾಣಿ, ಯಂತ್ರ ರಿಪೇರಿ ಮಾಡುವವರ ದೂರವಾಣಿ, ಇವಿಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ. ನೀವು ಕಾಲೇಜಿಗೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯವರು ಬಂದರೂ ಅವರಿಗೆ ಓದಲು ಬರಬೇಕು.