‘ಹೋಗಿ ಬರ್ತೀನಿ’ ಎಂಬ ಮಾತು ನಿಂತ ದಿನಗಳು



ಮೈಸೂರು ಸೀಮೆಯ ಮನೆಗಳಲ್ಲಿ ಹೊರಗೆ ಹೊರಟವರು ‘ಹೋಗ್ತೀನಿ’ ಎಂದರೆ ಒಳಗಿನಿಂದ ಹಿರಿಯರ ಗದರಿಕೆ ಕೇಳಿಸುತ್ತದೆ: ‘ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನು.’ ಹೊಸಿಲು ದಾಟುವ ಮೊದಲೇ ಹಿಂತಿರುಗುವ ಮಾತನ್ನು ಆಡಿಬಿಡಬೇಕು. ಸಂತೆಗೆ ಹೊರಟವರು, ತಾಲ್ಲೂಕು ಕಚೇರಿಗೆ ಹೊರಟವರು, ಹುಣ್ಣಿಮೆಗೆ ನಂಜನಗೂಡಿಗೆ ಹೊರಟವರು ಎಲ್ಲರೂ ಆಡುವ ಮಾತು ಇದೇ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತಾದ್ದರಿಂದ ಯಾರೂ ಅದನ್ನು ಗಮನಿಸಿದವರಲ್ಲ. 2020ರ ಮಾರ್ಚ್ ಕೊನೆಯ ವಾರದಲ್ಲಿ ಆ ಮಾತಿಗೆ ಕೆಲಸವೇ ಇಲ್ಲದೆ ಹೋಯಿತು.

ಆ ವರ್ಷದ ಯುಗಾದಿ ಬಿದ್ದದ್ದು ಮಾರ್ಚ್ 25ರಂದು. ದೇಶವೆಲ್ಲ ಬಾಗಿಲು ಹಾಕಿಕೊಂಡ ಮೊದಲನೆಯ ದಿನವೂ ಅದೇ. ಮೈಸೂರು ಜಿಲ್ಲೆಗೆ ಅದಕ್ಕೂ ಒಂದೆರಡು ದಿನ ಮೊದಲೇ ನಿರ್ಬಂಧ ಬಂದಿತ್ತು. ಯುಗಾದಿಯೆಂದರೆ ಬೇವು ಬೆಲ್ಲ ತಿಂದು ಮುಗಿಯುವ ಹಬ್ಬವಲ್ಲ. ಮಗಳು ಅಳಿಯ ಬರಬೇಕು, ಊರು ಬಿಟ್ಟ ಮಕ್ಕಳು ಬೆಂಗಳೂರಿನ ಬಸ್ಸಿನಿಂದ ಇಳಿಯಬೇಕು, ಸಂಜೆ ಚಂದ್ರನನ್ನು ಕಂಡ ಮೇಲೆ ಮನೆಮನೆಗೆ ಹೋಗಿ ಹಿರಿಯರ ಕಾಲಿಗೆ ಬೀಳಬೇಕು, ಮರುದಿನ ಹೊಸತೊಡಕಿನ ಊಟಕ್ಕೆ ನೆಂಟರು ಸೇರಬೇಕು. ಆ ಸಲ ಚಂದ್ರನೇನೋ ಹೊಸಿಲಿನಿಂದಲೇ ಕಂಡ. ಉಳಿದದ್ದು ಯಾವುದೂ ನಡೆಯಲಿಲ್ಲ.

ಲಾಕ್‌ಡೌನ್ ಕುರಿತು ಬರೆದವರು ಬಹುಮಟ್ಟಿಗೆ ದೂರದ ಪ್ರಯಾಣಗಳ ಬಗ್ಗೆ ಬರೆದರು. ವಿಮಾನಗಳು ನಿಂತದ್ದು, ಕೂಲಿಕಾರರು ಹೆದ್ದಾರಿಯುದ್ದಕ್ಕೂ ನಡೆದದ್ದು. ಎರಡನೆಯದನ್ನು ಮರೆಯುವಂತೆಯೇ ಇಲ್ಲ. ಆದರೆ ನಂಜನಗೂಡು, ತಿರುಮಕೂಡಲು ನರಸೀಪುರದಂತಹ ಊರುಗಳು ಕಟ್ಟಿಕೊಂಡಿರುವುದು ಹತ್ತು, ಇಪ್ಪತ್ತು, ಮೂವತ್ತು ಕಿಲೋಮೀಟರಿನ ಓಡಾಟದ ಮೇಲೆ. ಅದನ್ನು ‘ಪ್ರವಾಸ’ ಎಂದು ಯಾರೂ ಕರೆಯುವುದಿಲ್ಲ. ಪೆಟ್ಟಿಗೆ ಕಟ್ಟುವುದಿಲ್ಲ, ರಜೆ ಹಾಕುವುದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಬಂದುಬಿಡುವುದು ಅಷ್ಟೆ.

ಈ ಓಡಾಟ ಎಷ್ಟು ಹಳೆಯದೆಂದು ತಿಳಿಯಬೇಕಾದರೆ ನಂಜನಗೂಡಿನ ಹಳೆಯ ಸೇತುವೆಯನ್ನು ನೋಡಬೇಕು. ದಳವಾಯಿ ದೇವರಾಜಯ್ಯ 1735ರಲ್ಲಿ ಕಪಿಲಾ ನದಿಗೆ ಕಟ್ಟಿಸಿದ ಕಲ್ಲಿನ ಸೇತುವೆ ಅದು. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಮುಂದೆ ಅದೇ ಸೇತುವೆ ರೈಲನ್ನೂ ರಸ್ತೆಯನ್ನೂ ಒಟ್ಟಿಗೆ ಹೊತ್ತಿತು. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಾಗ ಹೊಸ ಸೇತುವೆಯಾಯಿತು, ಹಳೆಯದಕ್ಕೆ ನಿವೃತ್ತಿ ಸಿಕ್ಕಿತು. ಹಾಗಾದರೂ ಹಳಬರ ಮಾತಿನಲ್ಲಿ ‘ಸೇತುವೆ’ ಎಂದರೆ ಇಂದಿಗೂ ಅದೇ.

ದಾರಿ ನಿಲ್ಲುವುದು ಈ ಸೀಮೆಗೆ ಹೊಸದೇನಲ್ಲ. ಲಾಕ್‌ಡೌನಿಗೆ ಏಳು ತಿಂಗಳ ಹಿಂದೆ, 2019ರ ಆಗಸ್ಟ್‌ನಲ್ಲಿ, ಕಬಿನಿಯ ನೀರು ಉಕ್ಕಿ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯೇ ಮುಳುಗಿತ್ತು. ಆಗ ಅಡ್ಡ ನಿಂತದ್ದು ಕಣ್ಣಿಗೆ ಕಾಣುವ ನೀರು. ಜನ ದಡದಲ್ಲಿ ನಿಂತು ನೋಡಿದರು, ಎಷ್ಟು ಇಳಿಯಿತೆಂದು ಲೆಕ್ಕ ಹಾಕಿದರು, ಇಳಿದ ಮೇಲೆ ಓಡಾಡಿದರು. 2020ರಲ್ಲಿ ರಸ್ತೆ ಒಣಗಿಯೇ ಇತ್ತು. ನದಿ ಮಾತ್ರ ಎಂದಿನಂತೆ ನಂಜನಗೂಡನ್ನು ಬಳಸಿ ನರಸೀಪುರಕ್ಕೆ ಹೋಗಿ ಕಾವೇರಿಯನ್ನು ಸೇರುತ್ತಿತ್ತು. ಕಪಿಲೆಗೆ ಪಾಸು ಬೇಕಿರಲಿಲ್ಲ.

ನಂಜನಗೂಡಿಗೆ ಒದಗಿದ ಕಷ್ಟ ಉಳಿದ ಊರುಗಳ ಕಷ್ಟಕ್ಕಿಂತ ಬೇರೆ. ಊರಿನ ಹೆಸರಿನಲ್ಲಿಯೇ ನಂಜು ಇದೆ. ವಿಷವನ್ನು ಕಂಠದಲ್ಲಿ ತಡೆದ ನಂಜುಂಡನ ಊರು, ಸಂಸ್ಕೃತದಲ್ಲಿ ಗರಳಪುರಿ. ಬೇನೆ ಬಂದವರು ಹರಕೆ ಹೊತ್ತು ಇಲ್ಲಿಗೆ ಬರುವುದು ತಲೆತಲಾಂತರದ ರೂಢಿ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಇಲ್ಲಿನ ಹರಕೆಯಿಂದ ವಾಸಿಯಾಯಿತೆಂದೂ, ಆತ ಪಚ್ಚೆಯ ಲಿಂಗವನ್ನು ಒಪ್ಪಿಸಿ ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವಿದೆ. ಇದೇ ನದಿ ನರಸೀಪುರದಲ್ಲಿ ಕಾವೇರಿಯಾಗಿ ಮುಂದೆ ಹರಿದು ತಲಕಾಡಿಗೆ ಹೋದರೆ ಅಲ್ಲಿಯ ದೇವರು ವೈದ್ಯನಾಥೇಶ್ವರ. ಒಂದೇ ಹರಿವಿನ ಮೇಲೆ ಇಬ್ಬರು ವೈದ್ಯ ದೇವರು! ರೋಗ ಬಂದಾಗ ಇಬ್ಬರ ಬಾಗಿಲೂ ಹಾಕಿತ್ತು.

ಊರಿನ ಹೆಸರು ದಿನಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಒಂದು ಔಷಧ ಕಾರ್ಖಾನೆಯ ಮೂಲಕ. ಮಾರ್ಚ್ ಕೊನೆಯಲ್ಲಿ ಅಲ್ಲಿನ ಒಬ್ಬ ನೌಕರರಿಗೆ ಸೋಂಕು ತಗಲಿದ್ದು ಗೊತ್ತಾಯಿತು. ಅಲ್ಲಿಂದ ಸಹೋದ್ಯೋಗಿಗಳಿಗೆ, ಅವರ ಮನೆಯವರಿಗೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಮೈಸೂರು ಜಿಲ್ಲೆಯಲ್ಲಿ ಕಂಡುಬಂದ ಸುಮಾರು 90 ಪ್ರಕರಣಗಳಲ್ಲಿ ಬಹುಪಾಲು ಈ ಒಂದೇ ಸರಪಳಿಯವು. ಸೋಂಕು ಎಲ್ಲಿಂದ ಬಂತೆಂಬ ಊಹೆ ದೂರದೇಶದಿಂದ ಬಂದ ಸರಕಿನ ಪೆಟ್ಟಿಗೆಗಳವರೆಗೂ ಹರಿಯಿತು. ಮೇ ಮಧ್ಯಭಾಗದ ಹೊತ್ತಿಗೆ ಎಲ್ಲರೂ ಗುಣಮುಖರಾಗಿ ಮನೆಗೆ ಮರಳಿದರು. ಆದರೆ ಆ ಏಳೆಂಟು ವಾರಗಳಲ್ಲಿ ‘ನಂಜನಗೂಡಿನವರು’ ಎಂಬ ಮಾತಿಗೆ ಬೇರೊಂದು ಅರ್ಥವೇ ಬಂದುಬಿಟ್ಟಿತ್ತು. ಅಂಗಡಿಯವರು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆ ದಿನಗಳಲ್ಲಿ ನಾಡಿನ ಎಷ್ಟೋ ಹಳ್ಳಿಗಳಂತೆ ಈ ಸೀಮೆಯಲ್ಲಿಯೂ ಜನ ಊರಬಾಗಿಲಿಗೆ ಮುಳ್ಳು ಎಳೆದರು, ಮರ ಕಡಿದು ರಸ್ತೆಗೆ ಅಡ್ಡ ಹಾಕಿದರು. ಹೊಲಕ್ಕೆ ದನ ನುಗ್ಗದಿರಲೆಂದು ಹಾಕುತ್ತಿದ್ದ ಮುಳ್ಳನ್ನು ನೆಂಟರು ಬಾರದಿರಲೆಂದು ಹಾಕಿದ್ದು ಬಹುಶಃ ಅದೇ ಮೊದಲು. ಇದನ್ನು ಕ್ರೌರ್ಯವೆಂದು ಕರೆಯುವುದು ಸುಲಭ. ಮುಳ್ಳು ಎಳೆದವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರವೆಂಬುದೂ ಗೊತ್ತಿತ್ತು.

ಆ ವರ್ಷದ ದೊಡ್ಡ ಜಾತ್ರೆಯ ದಿನಗಳು ಏಪ್ರಿಲ್ ಮೊದಲ ಭಾಗಕ್ಕೆ, ಅಂದರೆ ಲಾಕ್‌ಡೌನಿನ ನಡುವಿಗೆ ಬಿದ್ದವು. ನಂಜನಗೂಡಿನ ಪಂಚ ಮಹಾರಥೋತ್ಸವವೆಂದರೆ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಒಂದೇ ದಿನ ರಥಬೀದಿಗೆ ಇಳಿಯುವ ಉತ್ಸವ. ಅವುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ದೊಡ್ಡದು. ಸಾವಿರಾರು ಕೈಗಳು ಹಗ್ಗ ಹಿಡಿಯಬೇಕು, ಭುಜಕ್ಕೆ ಭುಜ ತಾಗಬೇಕು, ಹಣ್ಣು ಜವನ ಎಸೆಯಬೇಕು. ದೂರ ದೂರ ನಿಂತು ಎಳೆಯಲಾಗದ ವಸ್ತು ಜಗತ್ತಿನಲ್ಲಿ ಯಾವುದಾದರೂ ಇದ್ದರೆ ಅದು ತೇರು. ಆ ಸಲ ಅದು ನಿಂತಲ್ಲಿಯೇ ನಿಂತಿತು. ತೇರಿನ ಜೊತೆಗೆ ನಿಂತದ್ದು ಕಡಲೆಪುರಿಯ ಅಂಗಡಿ, ಬಳೆಯ ಅಂಗಡಿ, ಮುಡಿ ತೆಗೆಯುವವರ ಕತ್ತಿ, ಹೂಕಟ್ಟುವವರ ದಾರ. ಹೂವಿಗೆ ದೇವಸ್ಥಾನ ಬೇಕು, ಮದುವೆ ಬೇಕು, ಹಬ್ಬ ಬೇಕು. ಮೂರೂ ಒಟ್ಟಿಗೆ ಇಲ್ಲವಾದ ಬೇಸಿಗೆ ಅದು. ಸೇವಂತಿಗೆ ಗಿಡದಲ್ಲಿಯೇ ಒಣಗಿತು. ಕೊಯ್ಯುವ ಕೂಲಿ ಹೂವಿನ ಬೆಲೆಗಿಂತ ಹೆಚ್ಚಾದರೆ ಬೆಳೆದವನು ಇನ್ನೇನು ಮಾಡಿಯಾನು?

ನರಸೀಪುರದ ಓಡಾಟದ ಬಗೆ ಬೇರೆ. ಅದು ಎರಡು ನದಿ ಸೇರುವ, ಮೈಸೂರು–ಕೊಳ್ಳೇಗಾಲದ ದಾರಿಯ ಊರು. ಸಂಗಮದ ದಡದಲ್ಲಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನ ಇಲ್ಲಿ ನೆಲೆಸಿದ್ದರೆಂಬುದು ತಿಳಿದಿದೆ. ನದಿಗಳು ಕೂಡುವ ಜಾಗದಲ್ಲಿ ಮನುಷ್ಯರೂ ಕೂಡುವುದು ಅಷ್ಟು ಹಿಂದಿನ ಅಭ್ಯಾಸ. ಮೈಸೂರು ರೇಷ್ಮೆ ಸೀರೆಯ ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವುದೂ ಇಲ್ಲಿಯೇ. ಗೂಡು ಹೊರಗಿನಿಂದ ಬರಬೇಕು, ನೂಲು ಮೈಸೂರಿನ ಮಗ್ಗಕ್ಕೆ ಹೋಗಬೇಕು. ಒಂದು ಸೀರೆಯ ಹಿಂದೆ ಎಷ್ಟು ಸಲ ‘ಹೋಗಿ ಬರುವುದು’ ಇದೆಯೆಂದು ಉಟ್ಟವರು ಎಣಿಸುವುದಿಲ್ಲ.

ಇಲ್ಲಿ ಒಂದು ಶತಮಾನ ಹಿಂದೆ ಸರಿದು ನೋಡಬಹುದು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದದ್ದು 1898ರಲ್ಲಿ. ಆಗ ಜನ ಕಂಡುಕೊಂಡ ಉಪಾಯ ಊರು ಬಿಡುವುದು. ಇಲಿ ಸತ್ತು ಬಿದ್ದರೆ ಪಾತ್ರೆ ಪರಟೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕುತ್ತಿದ್ದರು. ತಿಂಗಳುಗಟ್ಟಲೆ ಅಲ್ಲಿಯೇ ಅಡುಗೆ, ಅಲ್ಲಿಯೇ ಬಾಣಂತನ. ಇಕ್ಕಟ್ಟಿನ ಕೇರಿಗಳ ಭಯದಿಂದಲೇ ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಹುಟ್ಟಿ ಅಗಲ ಬೀದಿಗಳ ಬಡಾವಣೆಗಳು ಬಂದವು. ಪ್ಲೇಗಿನಲ್ಲಿ ಮನೆಯೇ ಅಪಾಯ, ಹೊರಗೇ ರಕ್ಷೆ. ಕೊರೊನಾದಲ್ಲಿ ಅದು ತಿರುಗಾಮುರುಗಾ ಆಯಿತು. ಒಳಗಿರುವ ಪದ್ಧತಿಯೂ ಈ ನಾಡಿಗೆ ತಿಳಿಯದ್ದೇನಲ್ಲ. ‘ಅಮ್ಮ’ ಆದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಹೊರಗಿನವರು ಒಳಗೆ ಬರುತ್ತಿರಲಿಲ್ಲ. ಸೂತಕದ ಹತ್ತು ದಿನಕ್ಕೂ ಅದರದೇ ಅಂಕೆಗಳಿವೆ. ವೆನಿಸ್ಸಿನವರು ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದುದರಿಂದ ‘ಕ್ವಾರಂಟೈನ್’ ಎಂಬ ಶಬ್ದವೇ ಹುಟ್ಟಿತು. ಅದರ ಮೂಲದಲ್ಲಿರುವುದು ನಲವತ್ತೆಂಬ ಎಣಿಕೆ. ಆದರೆ ಇವೆಲ್ಲ ಒಂದು ಮನೆಗೆ, ಒಂದು ಹಡಗಿಗೆ ಹಾಕಿದ ಗಡಿ. ಊರಿಗೆ ಊರೇ ಒಳಗಿದ್ದು, ಬೇವಿನ ಸೊಪ್ಪು ಯಾರ ಬಾಗಿಲಿಗೆ ಸಿಕ್ಕಿಸಬೇಕೆಂದೇ ತಿಳಿಯದ ಸ್ಥಿತಿ ಹೊಸದು.

ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟಿದ್ದು ಸಾವಿಗೆ ಹೋಗಲಾಗದ್ದು. ಮದುವೆಗೆ ಕರೆಯಬೇಕು, ಸಾವಿಗೆ ಕರೆಯಬೇಕಿಲ್ಲ ಎನ್ನುವುದು ಈ ಸೀಮೆಯ ರೀತಿ. ಸುದ್ದಿ ಕಿವಿಗೆ ಬಿದ್ದರೆ ಹೊರಟುಬಿಡಬೇಕು. ಹಳೆಯ ಜಗಳವಿದ್ದವರೂ ಅಂದು ಬಂದು ಮೂಲೆಯಲ್ಲಿ ಕೂತು ಹೋಗುತ್ತಾರೆ. ಬಾರದಿದ್ದರೆ ಆ ಮುನಿಸು ಎರಡು ತಲೆಮಾರು ಉಳಿಯುತ್ತದೆ. 2020ರ ನಿಯಮ ಶವಸಂಸ್ಕಾರಕ್ಕೆ 20 ಜನರೆಂದಿತು. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು, ಅಳಿಯಂದಿರು ಎಂದು ಎಣಿಸುವಷ್ಟರಲ್ಲಿ ಇಪ್ಪತ್ತು ಮುಗಿಯುತ್ತದೆ. ಆಗ ಫೋನಿನಲ್ಲಿ ಒಂದು ಮಾತು ಕೇಳಿಬಂತು: ‘ಬರಬೇಡಿ ಅಣ್ಣ, ಅಲ್ಲಿಂದಲೇ ಕೈ ಮುಗಿದುಬಿಡಿ.’ ಬಾಗಿಲಿಗೆ ಬಂದ ಶತ್ರುವಿಗೂ ಹೇಳದ ‘ಬರಬೇಡಿ’ ಎಂಬ ಮಾತನ್ನು ಹತ್ತಿರದವರಿಗೆ, ಅಕ್ಕರೆಯಿಂದಲೇ, ಅವರ ಜೀವ ಉಳಿಯಲಿ ಎಂದು ಹೇಳಬೇಕಾಯಿತು. ಹಾಲುತುಪ್ಪಕ್ಕೆ ಮನೆಯವರಷ್ಟೇ, ತಿಥಿಗೂ ಮನೆಯವರಷ್ಟೇ. ಅಸ್ಥಿ ಬಿಡಲು ಸಂಗಮಕ್ಕೆ ಬರುವ ಕುಟುಂಬಗಳು ಗುಂಪು ಸೇರುವಂತಿರಲಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಎಲ್ಲ ಮುಚ್ಚಿದಾಗ ಸಾವು ಇನ್ನೂ ಹತ್ತಿರ ಬಂದಿತ್ತು. ಎಷ್ಟೋ ಕಡೆ ಮನೆಯವರಿಗೂ ಮುಖ ನೋಡಲು ಸಿಗಲಿಲ್ಲ. ತೇರು ಮುಂದಿನ ವರ್ಷ ಎಳೆದರೂ ನಡೆದೀತು. ಈ ಬಾಕಿಗೆ ಹಾಗೆ ಮುಂದಿನ ವರ್ಷವೆಂಬುದಿಲ್ಲ.

2020ರ ಮೇ 19ರಂದು ಸರ್ಕಾರಿ ಬಸ್ಸುಗಳು ಮತ್ತೆ ಹೊರಟವು. ಒಂದು ಬಸ್ಸಿಗೆ ಮೂವತ್ತು ಜನ, ಮುಖಕ್ಕೆ ಬಟ್ಟೆ. ‘ಒಳಗೆ ನಡೀರಿ, ಇನ್ನೂ ಜಾಗ ಐತೆ’ ಎಂದು ಜೀವನವೆಲ್ಲ ಕೂಗಿದ ಕಂಡಕ್ಟರು ಈಗ ಜನರನ್ನು ಇಳಿಸಬೇಕಾಯಿತು. ಜೂನ್ 8ಕ್ಕೆ ದೇವಸ್ಥಾನಗಳು ತೆರೆದವು. ದರ್ಶನ ಉಂಟು, ತೀರ್ಥ ಪ್ರಸಾದ ಇಲ್ಲ. ಆ ವರ್ಷದ ಡಿಸೆಂಬರ್ 14ರ ಕಾರ್ತಿಕ ಸೋಮವಾರ, ಏಳು ವರ್ಷಗಳ ನಂತರ ಕೂಡಿಬಂದ ತಲಕಾಡಿನ ಪಂಚಲಿಂಗ ದರ್ಶನವೂ ಸರಳವಾಗಿ, ಮಿತವಾದ ಜನರೊಡನೆ ಮುಗಿಯಿತು. 1989ರಿಂದ ಮೂರು ವರ್ಷಕ್ಕೊಮ್ಮೆ ನರಸೀಪುರದ ಸಂಗಮದಲ್ಲಿ ನಡೆದುಬಂದ ಕುಂಭಮೇಳ 2022ರಲ್ಲಿ ನಡೆಯಲಿಲ್ಲ. 2019ರಲ್ಲಿ ಮುಳುಗು ಹಾಕಿದವರು ಮತ್ತೆ ಆ ನೀರಿಗೆ ಮೇಳವಾಗಿ ಇಳಿದದ್ದು 2025ರ ಫೆಬ್ರವರಿಯಲ್ಲಿ.

ಹೋಗಲಾಗದ ಪ್ರಯಾಣಕ್ಕೆ ಈ ಸೀಮೆಯ ಹೆಂಗಸರ ಬಳಿ ಒಂದು ಹಳೆಯ ಉಪಾಯವಿದೆ. ಹರಕೆ ಹೊತ್ತದ್ದಾಗಿದೆ, ಹೊರಡಲು ಅನುಕೂಲವಿಲ್ಲ ಎಂದಾಗ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಾರೆ. ಅದಕ್ಕೆ ಮುಡಿಪು ಎಂದು ಹೆಸರು. ತಡವಾದರೂ ಬರುತ್ತೇನೆ ಎಂದು ದೇವರಿಗೆ ಕೊಟ್ಟ ಒಪ್ಪಿಗೆ ಅದು. ಕಷ್ಟಕಾಲವೆಂದು ಅದರ ಕಾಸನ್ನು ಮನೆಖರ್ಚಿಗೆ ಬಿಚ್ಚುವಂತಿಲ್ಲ. ಆ ಎರಡು ವರ್ಷ ಗಂಡನ ಜ್ವರಕ್ಕೆ, ಮಗನ ಕೆಲಸಕ್ಕೆ, ಆಸ್ಪತ್ರೆ ಸೇರಿದ ತಂಗಿಗೆ ಎಂದು ನಂಜುಂಡನ ಹೆಸರಿನಲ್ಲಿ ಕಟ್ಟಿದ ಮುಡಿಪುಗಳು ಬಾಗಿಲು ತೆರೆದ ಮೇಲೆ ಒಂದೊಂದಾಗಿ ಬಸ್ಸು ಹತ್ತಿ ನಂಜನಗೂಡಿಗೆ ಬಂದವು. ಕಟ್ಟಿದವರೇ ತಂದು ಹಾಕಿದ್ದು ಎಷ್ಟೋ, ಅವರ ಮಕ್ಕಳು ತಂದು ಹಾಕಿದ್ದು ಎಷ್ಟೋ. ಹುಂಡಿ ಎಣಿಸುವವರಿಗೆ ಅರಿಸಿನದ ಬಟ್ಟೆಯಷ್ಟೇ ಕಾಣುತ್ತದೆ.