ಕಸೂತಿಯ ಎಣಿಕೆ

ಗಂಜಾಂ ಎಂದೊಡನೆ ಕೇಳುಗರ ಮನಸ್ಸಿಗೆ ನಿಮಿಷಾಂಬೆಯ ಗುಡಿಯೂ ಅದರ ಮುಂದೆ ಹರಿಯುವ ಕಾವೇರಿಯೂ ಬರುವುದು ಸಹಜ. ಕಸೂತಿ ಬರಲಾರದು, ಅದು ಧಾರವಾಡ ಸೀಮೆಯ ಕಲೆ. ಆದರೂ ಗಂಜಾಮಿನ ನಮ್ಮ ಮನೆಯ ಪಡಸಾಲೆಯಲ್ಲಿ ಅದು ಮೂವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ನನ್ನ ಹೆಂಡತಿ ಧಾರವಾಡದವಳು. ಆ ಸಲುಗೆಯಿಂದ, ಸೂಜಿ ಹಿಡಿಯದ ನಾನು ಈ ವಿಷಯವಾಗಿ ನಾಲ್ಕು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಕೈ ಮತ್ತು ಸೂತಿ, ಅಂದರೆ ಹತ್ತಿಯ ನೂಲು, ಸೇರಿ ಕಸೂತಿ ಆಯಿತೆಂದು ಹೇಳುವ ರೂಢಿಯಿದೆ. ಇಳಕಲ್ ಸೀರೆಯ ಸೆರಗು, ಕುಪ್ಪಸ, ಕೂಸಿನ ಕುಲಾವಿ ಇವು ಅದರ ನೆಲೆಗಳು. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಗೆ ಅದೇ ಭೂಷಣ. ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆ, ತೊಟ್ಟಿಲು, ನವಿಲು ಎಲ್ಲವೂ ಅಲ್ಲಿ ಮೂಡುತ್ತವೆ. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಹೊಲಿಗೆಗಳು ನಾಲ್ಕು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ ಒಂದು ತೆರಪು ಬಿಟ್ಟು ಮುಂದೆ ಸಾಗುತ್ತದೆ. ಮರಳಿ ಬರುವಾಗ ಆ ತೆರಪುಗಳನ್ನು ತುಂಬುತ್ತದೆ. ಇದೇ ಕ್ರಮ ಮೆಟ್ಟಿಲು ಮೆಟ್ಟಿಲಾಗಿ ನಡೆದರೆ ಮುರ್ಗಿ. ಇವೆರಡೂ ಬಟ್ಟೆಯ ಎರಡು ಮೈಯಲ್ಲೂ ಒಂದೇ ರೀತಿ ಕಾಣುತ್ತವೆ. ನೇಗಿ ನೇಯ್ದಂತೆ ತೋರುವ ಉದ್ದ ಗಿಡ್ಡ ಎಳೆಗಳ ಹೊಲಿಗೆ, ಮೆಂತೆ ಕತ್ತರಿಯಾಕಾರದ್ದು. ಗವಂತಿ ಎಂಬುದಕ್ಕೆ ಗಂಟೆಂಬ ಅರ್ಥ ಹೇಳುತ್ತಾರೆ. ವಿನೋದವೆಂದರೆ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದೇ ನಿಷಿದ್ಧ! ಯುರೋಪಿನಲ್ಲಿ ಇದೇ ಹೊಲಿಗೆಗೆ 16ನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನನ ಹೆಸರಿದೆ. ಅವನು ಬರೆದ ಭಾವಚಿತ್ರಗಳ ಕೊರಳಪಟ್ಟಿ, ತೋಳಂಚುಗಳಲ್ಲಿ ಅದು ಕಾಣುವುದೇ ಕಾರಣ.

ಕಲಿಯುವವರಿಗೆ ಕೆಲವು ಸೂಚನೆಗಳು. ಹಾಸು ಹೊಕ್ಕುಗಳು ಸಮನಾಗಿದ್ದು ಎಳೆ ಎಣಿಕೆಗೆ ಸಿಗುವ ಬಟ್ಟೆಯನ್ನು ಆರಿಸಿ. ಇಲ್ಲದಿದ್ದರೆ ಗೋಪುರ ಕುಳ್ಳಾಗುತ್ತದೆ, ಇಲ್ಲವೇ ನೀಳವಾಗುತ್ತದೆ. ಒತ್ತು ನೇಯ್ಗೆಯ ಬಟ್ಟೆಯಾದರೆ ಮೇಲೆ ಜಾಳು ಬಟ್ಟೆ ಕೂಡಿಸಿ ಹೊಲಿದು, ಬಳಿಕ ಅದರ ಎಳೆಗಳನ್ನು ಒಂದೊಂದಾಗಿ ಸೆಳೆದು ತೆಗೆಯಬಹುದು. ದಾರ ಮೊಳದುದ್ದಕ್ಕಿಂತ ಹೆಚ್ಚು ಬೇಡ, ನವೆಯುತ್ತದೆ. ತುದಿಯನ್ನು ಗಂಟಿಕ್ಕದೆ ಹೊಲಿಗೆಯೊಳಗೇ ಅಡಗಿಸಿ. ಕವಲು ಎದುರಾದಾಗ ಅದರ ತುದಿ ಮುಟ್ಟಿ ಬಂದು ಆಮೇಲೆ ಮುಂದುವರಿಯಿರಿ. ಒಂದೆಳೆ ತಪ್ಪಿದರೂ ಆಕೃತಿ ಕೂಡಿಕೊಳ್ಳದು. ಕಂಡ ಕೂಡಲೇ ಬಿಚ್ಚಿಬಿಡಿ.

ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಸೂಜಿ ಎಲ್ಲಿ ಹೊರಟು, ಯಾವ ಕವಲು ಹಿಡಿದು, ಎಲ್ಲಿಂದ ಮರಳಿತೆಂಬುದು ಹೊಲಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಮುಗಿದ ಕೆಲಸವನ್ನು ತಿರುವಿ ನೋಡಿದರೂ ಆ ದಾರಿ ತಿಳಿಯದು.

ನನ್ನ ಹೆಂಡತಿ ತೀರಿಕೊಂಡಾಗ ಕಪ್ಪು ಸೀರೆಯೊಂದರ ಸೆರಗು ಅರ್ಧಕ್ಕೇ ನಿಂತಿತ್ತು. ಮಗಳು ಅದನ್ನು ಮುಗಿಸಲು ಕುಳಿತಳು. ತಾಯಿ ಪೂರ್ಣಗೊಳಿಸಿದ್ದ ಗೋಪುರಗಳು ಅವಳಿಗೆ ಏನನ್ನೂ ಕಲಿಸಲಿಲ್ಲ. ಹೋಗುವ ಎಳೆ ಮಾತ್ರ ಬಿದ್ದು ತೆರಪುಗಳು ಉಳಿದಿದ್ದ ಕೊನೆಯ ಗೋಪುರವೇ ದಾರಿ ತೋರಿಸಿತು. ಆದರೆ ಅಲ್ಲೊಂದೆಡೆ ಎಳೆಯೊಂದು ತಪ್ಪಿತ್ತು. ಕಡೆಗಾಲದಲ್ಲಿ ಅವಳ ದೃಷ್ಟಿ ಮಂದವಾಗಿತ್ತು. “ಒಂದ್ ಸಲ ಎಣಿಸಿ ನೋಡ್ರಿ” ಎಂದು ಕೇಳಿದ್ದಳು. ಓದುತ್ತಿದ್ದ ಪುಸ್ತಕ ಮುಗಿಯಲೆಂದು ನಾನು ಮುಂದಕ್ಕೆ ಹಾಕಿದ್ದೆ.

ಅವಳ ಕೈಯ ಹೊಲಿಗೆ, ಹಾಗೇ ಇರಲೆಂದೆ. “ಅಮ್ಮ ಆಗಿದ್ದರೆ ಬಿಚ್ಚುತ್ತಿದ್ದಳಪ್ಪ” ಎಂದಳು ಮಗಳು. ಅದು ನಿಜ. ಅವಳು ಬಿಚ್ಚಿದಳು, ಈ ಸಲ ಎಳೆಗಳನ್ನು ನಾನು ಎಣಿಸಿ ಹೇಳಿದೆ. ಬಿಚ್ಚಿದ ದಾರ ಅವಳ ತಾಯಿಯ ಸೂಜಿಪೆಟ್ಟಿಗೆಯಲ್ಲಿದೆ.

ನಿಮ್ಮ ಮನೆಯಲ್ಲಿ ಕಸೂತಿ ಬಲ್ಲ ಹಿರಿಯರಿದ್ದರೆ, ಮುಗಿದ ಸೆರಗನ್ನು ಮೆಚ್ಚಿಕೊಂಡು ಸುಮ್ಮನಾಗಬೇಡಿ. ಅವರು ಹೊಲಿಯುವಾಗ ಪಕ್ಕದಲ್ಲಿ ಕುಳಿತು, ಸೂಜಿ ಹೋದ ದಾರಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.